ತಂಡ ಊರು ಬಿಟ್ಟಾಗ ಹಿಂದೆ ಉಳಿಯುವುದು ಯಾರದ್ದು?

ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ವೃತ್ತಿಪರ ಫುಟ್‌ಬಾಲ್ ತಂಡವೊಂದು ಈ ಊರಿಂದ ಆ ಊರಿಗೆ ಹೋಯಿತು ಅನ್ನುತ್ತೇವಲ್ಲ, ಆಗ ನಿಜಕ್ಕೂ ಹೋಗುವುದು ಏನು? ಆಟಗಾರರೇ? ಅವರು ಹೇಗೂ ಕೆಲವು ವರ್ಷಕ್ಕೊಮ್ಮೆ ತಂಡ ಬದಲಿಸುತ್ತಾರೆ. ಕೋಚ್‌ಗಳಂತೂ ಇನ್ನೂ ಬೇಗ ಬದಲಾಗುತ್ತಾರೆ. ಕ್ರೀಡಾಂಗಣ ಇದ್ದಲ್ಲೇ ಇರುತ್ತದೆ. ಅಭಿಮಾನಿಗಳು ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲ ಬಿಟ್ಟು ತಂಡದ ಹಿಂದೆ ಹೋಗಲಾರರು. ಲೆಕ್ಕ ಹಾಕುತ್ತಾ ಬಂದರೆ ಹೋಗುವುದು ಒಂದು ಹಕ್ಕು ಅಷ್ಟೇ, ಲೀಗಿನಲ್ಲಿ ಆಡುವ ಸ್ಥಾನದ ಹಕ್ಕು. ಆದರೆ ಆ ಸ್ಥಾನಕ್ಕೆ ಅಂಟಿಕೊಂಡು ಇನ್ನೂ ಕೆಲವು ಇವೆ. ಹೆಸರು, ಜೆರ್ಸಿಯ ಬಣ್ಣ, ಗೆದ್ದ ಕಪ್ಪು, ಹಳೆಯ ಆಟಗಾರರ ದಾಖಲೆ. ಇವು ಮಾಲೀಕನ ಜೊತೆ ಲಾರಿ ಹತ್ತಬೇಕೋ, ಊರಲ್ಲೇ ಉಳಿಯಬೇಕೋ?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಥಾನ ಮಾಲೀಕನದ್ದಾಗಿರಬಹುದು, ಚರಿತ್ರೆ ಊರಿನದ್ದು. ಅದನ್ನು ಕ್ರೀಡಾಂಗಣದ ಕರಾರಿನಲ್ಲಿ, ಲೀಗಿನ ನಿಯಮದಲ್ಲಿ, ಆಗದಿದ್ದರೆ ಕಾನೂನಿನಲ್ಲೇ ಮುಂಚಿತವಾಗಿ ಬರೆದಿಡಬೇಕು. ತಂಡ ಹೊರಟು ನಿಂತ ಮೇಲೆ ಬರೆಯಲು ಕೂತವರಿಗೆ ಏನಾಯಿತು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಇಲ್ಲಿ ಎರಡು ಬಗೆಯ ಫುಟ್‌ಬಾಲ್ ಬರುತ್ತದೆ. ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಆಡುವ ಆಟ, ಅದರ ದೊಡ್ಡ ಲೀಗ್ ಎನ್‌ಎಫ್‌ಎಲ್. ಉಳಿದ ಲೋಕಕ್ಕೆ ಕಾಲ್ಚೆಂಡು. ಆಟ ಬೇರೆಯಾದರೂ ಊರು ಬಿಡುವ ಕಥೆ ಎರಡರಲ್ಲೂ ಇದೆ. ಅಮೆರಿಕದಲ್ಲಿ ಅದು ಮಾಮೂಲು, ಇಂಗ್ಲೆಂಡ್‌ನಲ್ಲಿ ಒಮ್ಮೆ ನಡೆದದ್ದೇ ಇಪ್ಪತ್ತು ವರ್ಷ ಆರದ ಗಾಯವಾಯಿತು. ಏಕೆ ಹೀಗೆ?

ಮೊದಲು ದುಡ್ಡಿನ ವಿಷಯ. ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಕೆಳಗಿನ ಲೀಗಿನಿಂದ ಗೆದ್ದು ಮೇಲೆ ಬರುವ ದಾರಿ ಅಲ್ಲಿಲ್ಲ, ಸೋತು ಕೆಳಗೆ ಬೀಳುವ ಭಯವೂ ಇಲ್ಲ. ಊರಿಗೆ ತಂಡ ಬೇಕೆಂದರೆ ಎರಡೇ ದಾರಿ: ಲೀಗ್ ಹೊಸ ತಂಡ ಕೊಡಬೇಕು, ಇಲ್ಲವೇ ಇನ್ನೊಂದು ಊರಿನದನ್ನು ಕರೆತರಬೇಕು. ತಂಡ ಬೇಕೆನ್ನುವ ಊರುಗಳ ಸಂಖ್ಯೆ ತಂಡಗಳ ಸಂಖ್ಯೆಗಿಂತ ಯಾವಾಗಲೂ ಹೆಚ್ಚು ಇರುವಂತೆ ಲೀಗ್ ನೋಡಿಕೊಳ್ಳುತ್ತದೆ. ಮಾಲೀಕರ ಬಲವೆಲ್ಲ ಇರುವುದು ಆ ಕೊರತೆಯಲ್ಲಿ.

ಇನ್ನೊಂದು ಸಂಗತಿಯನ್ನು ಗಮನವಿಟ್ಟು ಕೇಳಿ, ಬಹಳ ಜನ ಇದನ್ನು ತಪ್ಪು ತಿಳಿಯುತ್ತಾರೆ. ದೊಡ್ಡ ಊರಿಗೆ ಹೋದರೆ ಟೀವಿ ದುಡ್ಡು ಹೆಚ್ಚು ಬರುತ್ತದೆ, ಅದಕ್ಕೇ ಹೋಗುತ್ತಾರೆ ಅಂದುಕೊಳ್ಳುತ್ತೇವೆ. ಎನ್‌ಎಫ್‌ಎಲ್‌ನಲ್ಲಿ ರಾಷ್ಟ್ರೀಯ ಟೀವಿ ಹಣ ಎಲ್ಲ ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಮಾಮೂಲಿ ಟಿಕೆಟ್‌ಗಳ ಆದಾಯದಲ್ಲೂ ಎದುರಾಳಿಗಳಿಗೆ ಪಾಲಿದೆ. ಹಂಚಿಕೊಳ್ಳಬೇಕಿಲ್ಲದ್ದು ಗಾಜಿನ ಕೋಣೆಗಳಂಥ ಐಷಾರಾಮಿ ಬಾಕ್ಸ್‌ಗಳ ಬಾಡಿಗೆ. ಆದ್ದರಿಂದ ಮಾಲೀಕನ ಕಣ್ಣು ಊರಿನ ಗಾತ್ರದ ಮೇಲಷ್ಟೇ ಇರುವುದಿಲ್ಲ. ಯಾವ ಊರು ಹೊಸ ಕ್ರೀಡಾಂಗಣ ಕಟ್ಟಿಸಿಕೊಟ್ಟು, ಅದರ ಬಾಕ್ಸ್ ಆದಾಯವನ್ನು ತನಗೇ ಬಿಡುತ್ತದೆ ಅನ್ನುವುದರ ಮೇಲಿರುತ್ತದೆ. ಲಾಸ್ ಏಂಜಲೀಸ್‌ನಂಥ ಮಹಾನಗರ ಬಿಟ್ಟು ರ‍್ಯಾಮ್ಸ್ ತಂಡ 1995ರಲ್ಲಿ ಸೇಂಟ್ ಲೂಯಿಸ್‌ಗೆ ಹೋದದ್ದು ಹೀಗೆ ನೋಡಿದಾಗಲೇ ಅರ್ಥವಾಗುವುದು.

ಸೇಂಟ್ ಲೂಯಿಸ್‌ನ ಕರಾರು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅದರ ಹಳೆಯ ತಂಡ ಕಾರ್ಡಿನಲ್ಸ್ 1988ರಲ್ಲಿ ಫೀನಿಕ್ಸ್‌ಗೆ ಹೋಗಿತ್ತು. ಹೇಗಾದರೂ ಇನ್ನೊಂದು ತಂಡ ಬೇಕು ಎಂದು ಊರು ಸಾರ್ವಜನಿಕ ಹಣದಲ್ಲಿ ದೊಡ್ಡ ಗುಮ್ಮಟದ ಕ್ರೀಡಾಂಗಣ ಕಟ್ಟಿತು. ರ‍್ಯಾಮ್ಸ್ ಜೊತೆ 30 ವರ್ಷದ ಗುತ್ತಿಗೆ ಆಯಿತು. ಅದರಲ್ಲೊಂದು ಷರತ್ತು: ನಿಗದಿತ ವರ್ಷಗಳಲ್ಲಿ ಪರೀಕ್ಷಿಸಿದಾಗ ಈ ಕ್ರೀಡಾಂಗಣ ಇಡೀ ಲೀಗಿನ ಕ್ರೀಡಾಂಗಣಗಳಲ್ಲಿ ಮೇಲಿನ ಕಾಲು ಭಾಗದೊಳಗೆ ಇರಬೇಕು. ಇಲ್ಲದಿದ್ದರೆ ತಂಡ ದೀರ್ಘ ಗುತ್ತಿಗೆಯಿಂದ ಬಿಡುಗಡೆ. ಯೋಚಿಸಿ ನೋಡಿ. ಬೇರೆ ಊರುಗಳು ವರ್ಷ ವರ್ಷ ಹೊಸದು ಕಟ್ಟುತ್ತಿರುವಾಗ ನಿಮ್ಮದು ಇಪ್ಪತ್ತು ವರ್ಷದ ಮೇಲೂ ಮೊದಲ ಎಂಟರೊಳಗೆ ಇರುತ್ತದೆ ಎಂದು ಯಾವ ಊರು ತಾನೇ ಭರವಸೆ ಕೊಡಬಲ್ಲದು? ಆದರೂ ಸಹಿ ಹಾಕಿದರು, ತಂಡದ ಹಸಿವು ಅಷ್ಟಿತ್ತು. 2013ರಲ್ಲಿ ಮಧ್ಯಸ್ಥರು ತಂಡದ ಪರ ತೀರ್ಪು ಕೊಟ್ಟರು. ಸುಧಾರಣೆಗೆ ಬೇಕಿದ್ದದ್ದು ಸುಮಾರು 70 ಕೋಟಿ ಡಾಲರ್. ಊರು ಆಗುವುದಿಲ್ಲ ಎಂದಿತು. ಗುತ್ತಿಗೆ ವರ್ಷದಿಂದ ವರ್ಷಕ್ಕೆ ಎಂಬಂತಾಯಿತು. 2016ರ ಜನವರಿಯಲ್ಲಿ ಲೀಗಿನ ಮಾಲೀಕರು 30-2 ಮತದಿಂದ ಒಪ್ಪಿಗೆ ಕೊಟ್ಟರು, ರ‍್ಯಾಮ್ಸ್ ಲಾಸ್ ಏಂಜಲೀಸ್‌ಗೆ ವಾಪಸ್ ಹೋಯಿತು. ಗುಮ್ಮಟ ಕಟ್ಟಲು ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ತಂಡ ಇಲ್ಲದ ಊರು ತಂಡಕ್ಕಾಗಿ ಮಾಡಿದ ಸಾಲದ ಕಂತು ಕಟ್ಟುತ್ತಾ ಹೋಯಿತು.

ಸೇಂಟ್ ಲೂಯಿಸ್ ಅಲ್ಲಿಗೇ ಸುಮ್ಮನಾಗಲಿಲ್ಲ. ತಂಡ ಸ್ಥಳಾಂತರಕ್ಕೆ ಲೀಗ್ ತಾನೇ ಬರೆದಿಟ್ಟುಕೊಂಡ ಮಾರ್ಗಸೂಚಿಗಳನ್ನು ಮುರಿದಿದೆ ಎಂದು ದಾವೆ ಹೂಡಿತು. 2021ರ ನವೆಂಬರ್‌ನಲ್ಲಿ ಲೀಗ್ ಮತ್ತು ರ‍್ಯಾಮ್ಸ್ ಮಾಲೀಕರ ಕಡೆಯಿಂದ 79 ಕೋಟಿ ಡಾಲರ್‌ಗೆ ರಾಜಿಯಾಯಿತು. ಮಾರ್ಗಸೂಚಿಯೂ ಒಂದು ಮಾತು, ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು ಎಂದು ಊರೊಂದು ಹಟ ಹಿಡಿದದ್ದಕ್ಕೆ ಸಿಕ್ಕ ಫಲ ಅದು. ದುಡ್ಡು ಬಂತು, ಸರಿ. ತಂಡ ಬರಲಿಲ್ಲ.

ಲೀಗ್ ಏಕೆ ತಡೆಯುವುದಿಲ್ಲ ಎಂದು ನೀವು ಕೇಳಬಹುದು. ನಿಯಮದ ಪ್ರಕಾರ ನಾಲ್ಕರಲ್ಲಿ ಮೂರು ಪಾಲು ಮಾಲೀಕರು ಒಪ್ಪಬೇಕು. 1980ರಲ್ಲಿ ಓಕ್‌ಲ್ಯಾಂಡ್ ರೈಡರ್ಸ್‌ನ ಆಲ್ ಡೇವಿಸ್ ಲಾಸ್ ಏಂಜಲೀಸ್‌ಗೆ ಹೋಗುತ್ತೇನೆ ಎಂದಾಗ ಲೀಗ್ ನಿಜಕ್ಕೂ ತಡೆದಿತ್ತು, 22-0 ಮತದಿಂದ. ಡೇವಿಸ್ ನ್ಯಾಯಾಲಯಕ್ಕೆ ಹೋದರು. ಮಾಲೀಕರೆಲ್ಲ ಸೇರಿ ಒಬ್ಬನ ವ್ಯಾಪಾರಕ್ಕೆ ಅಡ್ಡ ಬರುವುದು ಏಕಸ್ವಾಮ್ಯ ವಿರೋಧಿ ಕಾನೂನಿನ ಉಲ್ಲಂಘನೆ ಎಂದು ವಾದಿಸಿ ಗೆದ್ದರು. 1982ರಲ್ಲಿ ರೈಡರ್ಸ್ ಹೊರಟಿತು. ಆಮೇಲೆ ಲೀಗಿಗೆ ಅಡ್ಡ ಹಾಕಲು ಧೈರ್ಯ ಸಾಲದಾಯಿತು, ಒಂದರ ಹಿಂದೊಂದು ತಂಡ ಹೊರಟವು. ಅದೇ ರೈಡರ್ಸ್ 1995ರಲ್ಲಿ ಓಕ್‌ಲ್ಯಾಂಡ್‌ಗೆ ವಾಪಸ್ ಬಂತು. ಅದನ್ನು ಕರೆತರಲು ಊರು ಕ್ರೀಡಾಂಗಣದ ಒಂದು ತುದಿಗೆ ಭಾರೀ ಸ್ಟ್ಯಾಂಡ್ ಕಟ್ಟಿಸಿತು. ಜನ ಅದಕ್ಕಿಟ್ಟ ಹೆಸರು ಮೌಂಟ್ ಡೇವಿಸ್. ಅಲ್ಲಿಯವರೆಗೆ ಗ್ಯಾಲರಿಯಲ್ಲಿ ಕೂತರೆ ಎದುರಿಗೆ ಓಕ್‌ಲ್ಯಾಂಡ್‌ನ ಗುಡ್ಡಗಳು ಕಾಣುತ್ತಿದ್ದವು, ಆ ಸ್ಟ್ಯಾಂಡ್ ನೋಟವನ್ನೇ ಮುಚ್ಚಿತು. ಕೆಲವು ವರ್ಷಗಳಲ್ಲಿ ಅದರ ಮೇಲಿನ ಸಾಲುಗಳು ತುಂಬದೆ, ಸೀಟುಗಳ ಮೇಲೆ ಟಾರ್ಪಾಲು ಹೊದಿಸಿಟ್ಟರು. 2020ರಲ್ಲಿ ರೈಡರ್ಸ್ ಮತ್ತೆ ಹೋಯಿತು, ಈ ಸಲ ಲಾಸ್ ವೇಗಸ್‌ಗೆ. ಅಲ್ಲಿ ಹೋಟೆಲ್ ತೆರಿಗೆಯಿಂದ 75 ಕೋಟಿ ಡಾಲರ್ ಸಾರ್ವಜನಿಕ ಹಣ ಕಾದಿತ್ತು. ಓಕ್‌ಲ್ಯಾಂಡ್‌ಗೆ ಉಳಿದದ್ದು ಸ್ಟ್ಯಾಂಡು ಮತ್ತು ಅದರ ಸಾಲ.

ಹೀಗೆ ಹಾಕಿದ ಸಾರ್ವಜನಿಕ ಹಣ ಊರಿಗೆ ತಿರುಗಿ ಬರುತ್ತದೆಯೇ? ಈ ವಿಷಯದಲ್ಲಿ ಅರ್ಥಶಾಸ್ತ್ರಜ್ಞರಲ್ಲಿ ಅಪರೂಪದ ಒಮ್ಮತವಿದೆ: ಬರುವುದಿಲ್ಲ. ಜನ ಪಂದ್ಯಕ್ಕೆ ಖರ್ಚು ಮಾಡುವುದು ಊರಿನಲ್ಲೇ ಬೇರೆ ಕಡೆ ಖರ್ಚು ಮಾಡಬಹುದಿದ್ದ ದುಡ್ಡನ್ನೇ. ಇದನ್ನು ಬೆಳೆಸುವುದಿಲ್ಲ, ಏಕೆಂದರೆ ಊರುಗಳು ತಂಡ ಬಯಸುವುದು ಲಾಭಕ್ಕಲ್ಲ.

ಈಗ ಬಾಲ್ಟಿಮೋರ್‌ಗೆ ಬರೋಣ. ಕೋಲ್ಟ್ಸ್ ಅಲ್ಲಿನ ತಂಡ. ಮಾಲೀಕ ರಾಬರ್ಟ್ ಇರ್ಸೆ ಹೊಸ ಕ್ರೀಡಾಂಗಣಕ್ಕಾಗಿ ವರ್ಷಗಟ್ಟಲೆ ಜಗ್ಗಾಡಿದ್ದರು. ಇತ್ತ ಇಂಡಿಯಾನಾಪೊಲಿಸ್ ನಗರ ತಂಡ ಇನ್ನೂ ಸಿಗುವ ಮೊದಲೇ ಗುಮ್ಮಟ ಕಟ್ಟಲು ಶುರು ಮಾಡಿತ್ತು. 1984ರ ಮಾರ್ಚ್ ಕೊನೆಯಲ್ಲಿ ಮೇರಿಲ್ಯಾಂಡ್ ರಾಜ್ಯದ ಶಾಸನಸಭೆ ಒಂದು ಮಸೂದೆ ಕೈಗೆತ್ತಿಕೊಂಡಿತು. ರಸ್ತೆಗೆ, ಕಾಲುವೆಗೆ ಜಮೀನು ಸ್ವಾಧೀನ ಮಾಡಿಕೊಳ್ಳುತ್ತಾರಲ್ಲ, ಹಾಗೆಯೇ ಪರಿಹಾರ ಕೊಟ್ಟು ಫುಟ್‌ಬಾಲ್ ತಂಡವನ್ನೂ ಸ್ವಾಧೀನ ಮಾಡಿಕೊಳ್ಳುವ ಅಧಿಕಾರ ಅದರಲ್ಲಿತ್ತು. ಸುದ್ದಿ ಮುಟ್ಟಿದ ಕೂಡಲೇ ಇರ್ಸೆ ಇಂಡಿಯಾನಾಪೊಲಿಸ್‌ನ ಮೇಯರ್ ಜೊತೆ ಮಾತಾಡಿದರು. ಮಾರ್ಚ್ 28ರ ರಾತ್ರಿ ಮೇಫ್ಲವರ್ ಕಂಪನಿಯ ಲಾರಿಗಳು ತಂಡದ ತರಬೇತಿ ಕೇಂದ್ರದ ಮುಂದೆ ನಿಂತವು. ಬೆಳಗಾಗುವುದರೊಳಗೆ ಹೆಲ್ಮೆಟ್, ಕಡತ, ತೂಕದ ಉಪಕರಣ ಎಲ್ಲ ತುಂಬಿಕೊಂಡು ಹೊರಟಿದ್ದವು. ಕಾನೂನು ಜಾರಿಗೆ ಬರುವ ಹೊತ್ತಿಗೆ ತಂಡ ರಾಜ್ಯದ ಗಡಿ ದಾಟಿತ್ತು. ಮುಂದೆ ನ್ಯಾಯಾಲಯವೂ ಹೇಳಿದ್ದು ಅದನ್ನೇ: ನಿಮ್ಮ ರಾಜ್ಯದಲ್ಲಿ ಇಲ್ಲದ್ದನ್ನು ನೀವು ಸ್ವಾಧೀನ ಮಾಡಿಕೊಳ್ಳಲಾಗದು.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಕೋಲ್ಟ್ಸ್‌ಗೆ ಸ್ವಂತ ಬ್ಯಾಂಡ್ ಇತ್ತು, ಪಂದ್ಯದ ದಿನ ಮೈದಾನದಲ್ಲಿ ಕವಾಯತು ಮಾಡುತ್ತಾ ನುಡಿಸುವ ಹವ್ಯಾಸಿ ವಾದ್ಯಗಾರರ ದಂಡು. ಲಾರಿಗಳು ಬಂದ ರಾತ್ರಿ ಅವರ ಸಮವಸ್ತ್ರಗಳು ಡ್ರೈ ಕ್ಲೀನಿಂಗ್‌ಗೆ ಹೋಗಿದ್ದವು. ಹಾಗಾಗಿ ಉಳಿದವು. ಬ್ಯಾಂಡಿನವರು ಅವನ್ನು ಬಚ್ಚಿಟ್ಟರು, ಆಮೇಲೆ ಇಟ್ಟುಕೊಳ್ಳಲು ಅನುಮತಿ ಸಿಕ್ಕಿತು. ಮುಂದಿನದನ್ನು ಕೇಳಿ: ತಂಡವೇ ಇಲ್ಲದ ಬ್ಯಾಂಡ್ ವಿಸರ್ಜನೆಯಾಗಲಿಲ್ಲ. ಊರಿನ ಮೆರವಣಿಗೆಗಳಲ್ಲಿ, ಬೇರೆ ತಂಡಗಳ ಪಂದ್ಯದ ವಿರಾಮದಲ್ಲಿ, ಅದೇ ಬಟ್ಟೆ ತೊಟ್ಟು 1996ರವರೆಗೂ ನುಡಿಸುತ್ತಲೇ ಇತ್ತು. ಅಷ್ಟು ವರ್ಷ ಬಾಲ್ಟಿಮೋರ್‌ನಲ್ಲಿ ಕೋಲ್ಟ್ಸ್ ಅಂದರೆ ಆ ಬ್ಯಾಂಡೇ. ಊರಿಗೆ ತಂಡ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಲೆಕ್ಕಪತ್ರ ತೆಗೆಯುವುದಿಲ್ಲ, ಆ ವಾದ್ಯಗಾರರ ಕಥೆ ಹೇಳುತ್ತೇನೆ.

ಮೊದಲು ಕೇಳಿದ ಪ್ರಶ್ನೆ ಇಲ್ಲಿ ನೇರವಾಗಿ ಎದುರಾಗುತ್ತದೆ. ಜಾನಿ ಯುನೈಟಸ್ ಬಾಲ್ಟಿಮೋರ್ ಕೋಲ್ಟ್ಸ್‌ನ ದಂತಕಥೆ. 1950, 60ರ ದಶಕಗಳಲ್ಲಿ ಅವರು ಆಡಿದ್ದೆಲ್ಲ ಆ ಊರಿನ ಜನರ ಕಣ್ಣೆದುರು. ತಂಡ ಹೋದ ಮೇಲೆ ಅವರ ದಾಖಲೆಗಳೆಲ್ಲ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಪುಸ್ತಕದಲ್ಲಿ ಸೇರಿದವು. ಆ ಊರಿಗಾಗಿ ಅವರು ಒಂದು ಪಂದ್ಯವನ್ನೂ ಆಡಿರಲಿಲ್ಲ. ಯುನೈಟಸ್ ಆ ತಂಡದ ಜೊತೆ ಎಲ್ಲ ಸಂಬಂಧ ಕಡಿದುಕೊಂಡರು, ತಮ್ಮನ್ನು ಬಾಲ್ಟಿಮೋರ್‌ನವರೆಂದೇ ಹೇಳಿಕೊಂಡರು. ಇವತ್ತು ಅವರ ಪ್ರತಿಮೆ ನಿಂತಿರುವುದು ಬಾಲ್ಟಿಮೋರ್‌ನ ಕ್ರೀಡಾಂಗಣದ ಎದುರು, ಕೋಲ್ಟ್ಸ್ ಜೊತೆ ಸಂಬಂಧವೇ ಇಲ್ಲದ ಇನ್ನೊಂದು ತಂಡದ ಅಂಗಳದಲ್ಲಿ. ಕಾಗದದ ದಾಖಲೆ ಒಂದು ಊರಲ್ಲಿ, ಮನುಷ್ಯ ಇನ್ನೊಂದು ಊರಲ್ಲಿ. ಇದು ಸರಿಯಲ್ಲ ಅನ್ನಿಸುವುದಕ್ಕೆ ಕಾನೂನು ಓದಿರಬೇಕಿಲ್ಲ.

ಹ್ಯೂಸ್ಟನ್‌ನದೂ ಇದೇ ಅಳಲು. ಅಲ್ಲಿನ ಆಯ್ಲರ್ಸ್ 1997ರಲ್ಲಿ ಟೆನೆಸಿ ರಾಜ್ಯಕ್ಕೆ ಹೋಗಿ, ಎರಡು ವರ್ಷದ ಮೇಲೆ ಟೈಟನ್ಸ್ ಎಂದು ಹೆಸರು ಬದಲಿಸಿಕೊಂಡಿತು. ಹಳೆಯ ಹೆಸರು, ತಿಳಿನೀಲಿ ಬಣ್ಣ ಮಾತ್ರ ಮಾಲೀಕರ ಕೈಯಲ್ಲೇ ಉಳಿದವು. 2002ರಲ್ಲಿ ಹ್ಯೂಸ್ಟನ್‌ಗೆ ಟೆಕ್ಸನ್ಸ್ ಎಂಬ ಹೊಸ ತಂಡ ಬಂತು. 2023ರ ಡಿಸೆಂಬರ್‌ನಲ್ಲಿ ಇವೆರಡೂ ತಂಡ ಎದುರಾದಾಗ ಟೈಟನ್ಸ್ ಆಯ್ಲರ್ಸ್‌ನ ಹಳೆಯ ಜೆರ್ಸಿ ತೊಟ್ಟು ಮೈದಾನಕ್ಕಿಳಿಯಿತು. ಹ್ಯೂಸ್ಟನ್‌ನವರು ತಮ್ಮ ಬಾಲ್ಯದ ಬಣ್ಣವನ್ನು ಎದುರಾಳಿಯ ಮೈಮೇಲೆ ನೋಡಬೇಕಾಯಿತು. ಹಕ್ಕು ಯಾರದ್ದು ಅನ್ನುವುದು ಕಾನೂನಿನಲ್ಲಿ ಸ್ಪಷ್ಟ. ಕಾನೂನು ಹಾಗಿರುವುದೇ ನನ್ನ ತಕರಾರು.

ಬೇರೆ ರೀತಿ ಮಾಡಬಹುದು ಎಂದು ತೋರಿಸಿದ್ದು ಕ್ಲೀವ್‌ಲ್ಯಾಂಡ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬ್ರೌನ್ಸ್ 1946ರಿಂದ ಅಲ್ಲಿನ ತಂಡ. ಮಾಲೀಕ ಆರ್ಟ್ ಮೊಡೆಲ್ 1995ರ ನವೆಂಬರ್ 6ರಂದು ಬಾಲ್ಟಿಮೋರ್‌ನಲ್ಲಿ ನಿಂತು ತಂಡ ಇಲ್ಲಿಗೆ ಬರುತ್ತದೆ ಎಂದು ಘೋಷಿಸಿದರು. ಮಾರನೇ ದಿನವೇ ಕ್ಲೀವ್‌ಲ್ಯಾಂಡ್‌ನಲ್ಲಿ ಮತದಾನವಿತ್ತು. ಕ್ರೀಡಾಂಗಣದ ದುರಸ್ತಿಗಾಗಿ ಮದ್ಯ, ಸಿಗರೇಟಿನ ಮೇಲಿನ ತೆರಿಗೆಯನ್ನು ಮುಂದುವರಿಸಬೇಕೇ ಎಂಬುದೇ ಪ್ರಶ್ನೆ. ತಂಡ ಹೋಗುತ್ತದೆಂದು ತಿಳಿದ ಮೇಲೂ ಜನ ಭಾರೀ ಬಹುಮತದಿಂದ ಹೌದು ಎಂದರು.

ಡಿಸೆಂಬರ್ 17, ಕೊನೆಯ ತವರು ಪಂದ್ಯ. ಕ್ರೀಡಾಂಗಣದ ಒಂದು ತುದಿಯಲ್ಲಿ ಅತಿ ಉಗ್ರ ಅಭಿಮಾನಿಗಳು ಕೂರುವ ಭಾಗವಿತ್ತು, ಹೆಸರು ಡಾಗ್ ಪೌಂಡ್. ಅಂದು ಕೆಲವರು ಗರಗಸ, ಸ್ಪ್ಯಾನರ್ ತಂದಿದ್ದರು. ಪಂದ್ಯ ನಡೆಯುತ್ತಿರುವಾಗಲೇ ಬೆಂಚುಗಳನ್ನು ಕೊಯ್ದು, ಸಾಲಿಂದ ಸಾಲಿಗೆ ತಲೆಯ ಮೇಲೆ ದಾಟಿಸಿ ಮೈದಾನಕ್ಕೆ ಎಸೆದರು. ಕೊನೆಯ ಭಾಗದಲ್ಲಿ ಆಟಗಾರರ ಸುರಕ್ಷತೆಗಾಗಿ ರೆಫರಿಗಳು ಆ ತುದಿಯಲ್ಲಿ ಆಡಿಸದೆ ಎದುರಿನ ತುದಿಯಲ್ಲೇ ಆಡಿಸಿದರು. ಬ್ರೌನ್ಸ್ 26-10ರಿಂದ ಗೆದ್ದಿತು. ಮುಗಿದ ಮೇಲೆ ಆಟಗಾರರು ಒಳಗೆ ಹೋಗಲಿಲ್ಲ. ಡಾಗ್ ಪೌಂಡ್‌ನ ಕಡೆ ಓಡಿ, ಗೋಡೆಯ ಮೇಲೆ ಕೈ ಚಾಚಿದವರನ್ನು ತಬ್ಬಿಕೊಂಡರು.

ಊರು ಅತ್ತು ಕೂರಲಿಲ್ಲ. ಗುತ್ತಿಗೆ ಇನ್ನೂ ಉಳಿದಿದೆ ಎಂದು ಮೊಕದ್ದಮೆ ಹೂಡಿತು. ಅಭಿಮಾನಿಗಳು ಇಡೀ ದೇಶದಿಂದ ಲೀಗ್ ಕಚೇರಿಗೆ ಒತ್ತಡ ಹಾಕಿದರು. 1996ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು: ಮೊಡೆಲ್ ಆಟಗಾರರನ್ನು, ಸಿಬ್ಬಂದಿಯನ್ನು ಒಯ್ಯಬಹುದು. ಬ್ರೌನ್ಸ್ ಹೆಸರು, ಬಣ್ಣ, ದಾಖಲೆ, ಇತಿಹಾಸ ಕ್ಲೀವ್‌ಲ್ಯಾಂಡ್‌ನಲ್ಲೇ ಉಳಿಯಬೇಕು. 1999ಕ್ಕೆ ಊರಿಗೆ ಅದೇ ಹೆಸರಿನ ತಂಡ ಸಿಗಬೇಕು. ಹಾಗೇ ಆಯಿತು. ಬಾಲ್ಟಿಮೋರ್‌ಗೆ ಹೋದ ತಂಡ ರೇವನ್ಸ್ ಎಂಬ ಹೊಸ ಹೆಸರು ಪಡೆದು, ಲೆಕ್ಕದಲ್ಲಿ ಹೊಸದಾಗಿ ಹುಟ್ಟಿತು. ಆ ಬ್ಯಾಂಡ್ ಇತ್ತಲ್ಲ, ಅದು ರೇವನ್ಸ್‌ನ ಬ್ಯಾಂಡ್ ಆಯಿತು. ಸ್ಥಾನ ಬೇರೆ, ಚರಿತ್ರೆ ಬೇರೆ ಎಂದು ಒಂದು ದೊಡ್ಡ ಲೀಗ್ ಬರಹದಲ್ಲಿ ಒಪ್ಪಿಕೊಂಡದ್ದು ಅಲ್ಲಿ. ಕಳೆದುಕೊಂಡ ನೋವು ಏನೆಂದು ಬಾಲ್ಟಿಮೋರ್‌ಗೆ ಚೆನ್ನಾಗಿ ಗೊತ್ತಿತ್ತು, ಆದರೂ ಇನ್ನೊಂದು ಊರಿನ ತಂಡ ತಂದಿತು. ನಾನು ಅವರನ್ನು ದೂರುವುದಿಲ್ಲ. ಲೀಗ್ ಬೇರೆ ದಾರಿಯನ್ನೇ ಬಿಟ್ಟಿರಲಿಲ್ಲ.

ಕ್ಲೀವ್‌ಲ್ಯಾಂಡ್ ಇರುವ ಒಹಾಯೊ ರಾಜ್ಯ ಮಾಡಿದ ಇನ್ನೊಂದು ಕೆಲಸ ನನಗೆ ಹೆಚ್ಚು ಮುಖ್ಯ. 1996ರಲ್ಲಿ ಒಂದು ಕಾನೂನು ತಂದಿತು, ಜನ ಅದನ್ನು ಮೊಡೆಲ್ ಕಾನೂನು ಎಂದೇ ಕರೆಯುತ್ತಾರೆ. ತೆರಿಗೆ ಹಣದ ನೆರವಿರುವ ಕ್ರೀಡಾಂಗಣದಲ್ಲಿ ಆಡುವ ವೃತ್ತಿಪರ ತಂಡ ರಾಜ್ಯ ಬಿಟ್ಟು ಹೋಗಬೇಕೆಂದರೆ ಒಂದೋ ನಗರದ ಒಪ್ಪಿಗೆ ಪಡೆಯಬೇಕು, ಇಲ್ಲವೇ ಆರು ತಿಂಗಳ ನೋಟಿಸ್ ಕೊಟ್ಟು, ಆ ಅವಧಿಯಲ್ಲಿ ಸ್ಥಳೀಯರಿಗೆ ತಂಡ ಕೊಳ್ಳುವ ಅವಕಾಶ ಕೊಡಬೇಕು. ಇಷ್ಟೇ. ಹೋಗಬೇಡ ಎಂದು ಅದು ಹೇಳುವುದಿಲ್ಲ. ರಾತ್ರೋರಾತ್ರಿ ಹೋಗಬೇಡ, ಮೊದಲು ಊರನ್ನು ಕೇಳು ಅನ್ನುತ್ತದೆ.

ಇಪ್ಪತ್ತು ವರ್ಷ ಆ ಕಾನೂನು ಪುಸ್ತಕದಲ್ಲೇ ಇತ್ತು. 2017ರ ಅಕ್ಟೋಬರ್‌ನಲ್ಲಿ ಅದೇ ರಾಜ್ಯದ ಕೊಲಂಬಸ್‌ನಲ್ಲಿ ಕಾಲ್ಚೆಂಡು ತಂಡ ಕೊಲಂಬಸ್ ಕ್ರೂ ಟೆಕ್ಸಸ್‌ನ ಆಸ್ಟಿನ್‌ಗೆ ಹೋಗಬಹುದು ಎಂಬ ಸುದ್ದಿ ಬಂತು. ಮಾಲೀಕ ಆ್ಯಂಥನಿ ಪ್ರಿಕೋರ್ಟ್ 2013ರಲ್ಲಿ ತಂಡ ಕೊಂಡಾಗಲೇ ಕರಾರಿನಲ್ಲಿ ಆಸ್ಟಿನ್‌ಗೆ ಮಾತ್ರ ವಿನಾಯಿತಿ ಇತ್ತೆಂಬುದು ಆಮೇಲೆ ಹೊರಬಿತ್ತು. ಅಂದರೆ ನಾಲ್ಕು ವರ್ಷ ಜನ ಚಪ್ಪಾಳೆ ತಟ್ಟುತ್ತಿದ್ದಾಗ ಬಾಗಿಲು ಹಿಂದಿನಿಂದ ತೆರೆದೇ ಇತ್ತು. ಅಭಿಮಾನಿಗಳು ‘ಸೇವ್ ದ ಕ್ರೂ’ ಎಂದು ಚಳವಳಿ ಕಟ್ಟಿದರು. ಘೋಷಣೆ ಕೂಗುವುದಕ್ಕೇ ಅವರು ನಿಲ್ಲಲಿಲ್ಲ. ತಂಡ ಉಳಿದರೆ ಸೀಸನ್ ಟಿಕೆಟ್ ಕೊಳ್ಳುತ್ತೇವೆ ಎಂಬ ವಾಗ್ದಾನಗಳನ್ನು ಸಂಗ್ರಹಿಸಿದರು, ಸ್ಥಳೀಯ ಕಂಪನಿಗಳ ಬಾಗಿಲು ತಟ್ಟಿದರು. 2018ರ ಮಾರ್ಚ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಮತ್ತು ನಗರ ಸೇರಿ ಮೊಡೆಲ್ ಕಾನೂನಿನಡಿ ದಾವೆ ಹೂಡಿದರು. ಆ ಕಾನೂನು ಕೊಟ್ಟ ದೊಡ್ಡ ವರ ಸಮಯ. ಆ ಸಮಯದಲ್ಲಿ ಸ್ಥಳೀಯ ಕೊಳ್ಳುಗರು ಸಿಕ್ಕರು. ಅವರಲ್ಲೊಂದು ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಈಗಿನ ಮಾಲೀಕರಾದ ಹ್ಯಾಸ್ಲಮ್ ಕುಟುಂಬ, ಇನ್ನೊಂದು ತಂಡದ ವೈದ್ಯರೇ ಆಗಿದ್ದವರ ಕುಟುಂಬ. ಪ್ರಿಕೋರ್ಟ್‌ಗೆ ಆಸ್ಟಿನ್‌ನಲ್ಲಿ ಹೊಸ ತಂಡ ಕೊಟ್ಟರು, 2021ರಲ್ಲಿ ಅದು ಆಡಲು ಶುರು ಮಾಡಿತು. ಎರಡು ಊರಿಗೂ ತಂಡ ಸಿಕ್ಕಿತು. ಉಳಿದ ಕ್ರೂ 2020ರಲ್ಲಿ, ಮತ್ತೆ 2023ರಲ್ಲಿ ಲೀಗ್ ಕಪ್ಪು ಗೆದ್ದಿತು.

ಈಗ ಅಟ್ಲಾಂಟಿಕ್ ದಾಟೋಣ. ಇಂಗ್ಲೆಂಡ್‌ನಲ್ಲಿ ತಂಡಗಳು ಮೈದಾನ ಬದಲಿಸಿದ್ದುಂಟು. ಆರ್ಸೆನಲ್ 1913ರಲ್ಲಿ ಥೇಮ್ಸ್ ನದಿಯ ದಕ್ಷಿಣದಿಂದ ಉತ್ತರಕ್ಕೆ ಬಂದದ್ದು ಗೊತ್ತೇ ಇದೆ, ಅದು ಲಂಡನ್ ಒಳಗಿನ ಮಾತು. ಅಲ್ಲಿನ ವ್ಯವಸ್ಥೆ ಬೇರೆ. ಯಾವ ಚಿಕ್ಕ ಊರಿನ ಕ್ಲಬ್ ಆದರೂ ಕೆಳಗಿನಿಂದ ಗೆಲ್ಲುತ್ತಾ ಮೇಲೆ ಬರಬಹುದು. ಆದ್ದರಿಂದ ಬೇರೊಬ್ಬರ ಸ್ಥಾನ ಕಿತ್ತುಕೊಳ್ಳುವ ಅಗತ್ಯವೇ ಇಲ್ಲ ಎಂಬುದು ಒಪ್ಪಿತ ನಂಬಿಕೆ. ವಿಂಬಲ್ಡನ್ ಎಫ್‌ಸಿ ಹೀಗೇ ಮೇಲೆ ಬಂದದ್ದು. 1977ರಲ್ಲಿ ಫುಟ್‌ಬಾಲ್ ಲೀಗ್ ಸೇರಿ, 1988ರಲ್ಲಿ ಲಿವರ್‌ಪೂಲ್ ಅನ್ನು 1-0ಯಿಂದ ಸೋಲಿಸಿ ಎಫ್‌ಎ ಕಪ್ ಗೆದ್ದಿತು.

ಮೂರೇ ವರ್ಷದಲ್ಲಿ ಅದಕ್ಕೆ ಮನೆಯಿಲ್ಲದಾಯಿತು. ಮೈದಾನದ ನೂಕುನುಗ್ಗಲಿನಲ್ಲಿ ಅಭಿಮಾನಿಗಳು ಸತ್ತ 1989ರ ಹಿಲ್ಸ್‌ಬರೋ ದುರಂತದ ನಂತರ ಬಂದ ಟೇಲರ್ ವರದಿ, ಮೇಲಿನ ದರ್ಜೆಯ ಮೈದಾನಗಳಲ್ಲಿ ನಿಂತು ನೋಡುವ ಜಾಗ ಇರಕೂಡದು, ಎಲ್ಲರಿಗೂ ಆಸನ ಇರಬೇಕು ಎಂದಿತು. ಸರಿಯಾದ ಮಾತೇ. ಆದರೆ ವಿಂಬಲ್ಡನ್‌ನ ಹಳೆಯ ಪ್ಲೌ ಲೇನ್ ಮೈದಾನವನ್ನು ಹಾಗೆ ಬದಲಿಸಲಾಗದು ಎಂದು ಕ್ಲಬ್ ನಿರ್ಧರಿಸಿತು. 1991ರಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ನ ಸೆಲ್‌ಹರ್ಸ್ಟ್ ಪಾರ್ಕ್‌ಗೆ ಬಾಡಿಗೆಗೆ ಹೋಯಿತು. ತಾತ್ಕಾಲಿಕ ಎಂದದ್ದು ಹತ್ತು ವರ್ಷ ದಾಟಿತು. ಪ್ಲೌ ಲೇನ್ ಜಾಗ ಸೂಪರ್‌ಮಾರ್ಕೆಟ್ ಕಂಪನಿಗೆ ಮಾರಾಟವಾಯಿತು. ತಂಡ ಊರು ಬಿಡುವುದು ಒಂದು ದಿನದ ಕೆಲಸವಲ್ಲ, ಮೈದಾನ ಕೈತಪ್ಪಿದ ದಿನವೇ ಶುರುವಾಗಿರುತ್ತದೆ. ಇದನ್ನು ದಯವಿಟ್ಟು ನೆನಪಿಡಿ.

ಆ ಹೊತ್ತಿಗೆ ಮಿಲ್ಟನ್ ಕೀನ್ಸ್‌ನಲ್ಲಿ ಪೀಟ್ ವಿಂಕಲ್‌ಮನ್ ಎಂಬ ಉದ್ಯಮಿ ಕ್ರೀಡಾಂಗಣ ಮತ್ತು ದೊಡ್ಡ ಮಳಿಗೆಗಳ ಯೋಜನೆ ಹಿಡಿದು ತಂಡ ಹುಡುಕುತ್ತಿದ್ದರು. 1967ರಲ್ಲಿ ಸರ್ಕಾರ ಯೋಜಿಸಿ ಕಟ್ಟಿದ ಹೊಸ ಪಟ್ಟಣ ಅದು. ಲೀಗ್ ಮಟ್ಟದ ಕ್ಲಬ್ ಇರಲಿಲ್ಲ. ವಿಂಬಲ್ಡನ್‌ನಿಂದ ಸುಮಾರು 90 ಕಿಲೋಮೀಟರ್ ದೂರ. 2001ರಲ್ಲಿ ವಿಂಬಲ್ಡನ್ ಆಡಳಿತ ಅಲ್ಲಿಗೆ ಹೋಗುತ್ತೇವೆ ಎಂದಿತು. ಫುಟ್‌ಬಾಲ್ ಲೀಗ್ ಬೇಡ ಎಂದಿತು. ವಿಷಯ ಫುಟ್‌ಬಾಲ್ ಅಸೋಸಿಯೇಷನ್ ನೇಮಿಸಿದ ಮೂವರ ಆಯೋಗದ ಮುಂದೆ ಬಂತು. 2002ರ ಮೇ 28ರಂದು 2-1 ಮತದಿಂದ ಒಪ್ಪಿಗೆ ಸಿಕ್ಕಿತು. ಅಭಿಮಾನಿಗಳು ಕೆಳಗಿನಿಂದ ಹೊಸ ಕ್ಲಬ್ ಕಟ್ಟುವುದು ಫುಟ್‌ಬಾಲಿನ ವಿಶಾಲ ಹಿತಕ್ಕೆ ಒಳ್ಳೆಯದಲ್ಲ ಎಂಬರ್ಥದ ಸಾಲು ಆ ವರದಿಯಲ್ಲಿತ್ತು. ವಿಂಬಲ್ಡನ್‌ನವರು ಆ ಸಾಲನ್ನು ಇಂದಿಗೂ ಮರೆತಿಲ್ಲ.

ಅವರು ಅದನ್ನೇ ಮಾಡಿದರು. ಕೆಲವೇ ವಾರಗಳಲ್ಲಿ ಎಎಫ್‌ಸಿ ವಿಂಬಲ್ಡನ್ ಹುಟ್ಟಿತು. ಆಟಗಾರರ ಆಯ್ಕೆ ನಡೆದದ್ದು ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿನಲ್ಲಿ, ಬರಬಹುದೆನ್ನಿಸಿದವರೆಲ್ಲ ಬೂಟು ತೆಗೆದುಕೊಂಡು ಬಂದಿದ್ದರು. ಜುಲೈನಲ್ಲಿ ಮೊದಲ ಸ್ನೇಹಪಂದ್ಯ. 4-0ಯಿಂದ ಸೋತರು. ನೋಡಲು ನಾಲ್ಕು ಸಾವಿರಕ್ಕೂ ಹೆಚ್ಚು ಜನ! ಆ ವರ್ಷ ಹಳೆಯ ಕ್ಲಬ್ ಇನ್ನೂ ಸೆಲ್‌ಹರ್ಸ್ಟ್ ಪಾರ್ಕ್‌ನಲ್ಲೇ ಎರಡನೇ ದರ್ಜೆಯಲ್ಲಿ ಆಡುತ್ತಿತ್ತು. ಅದರ ಒಂದು ಪಂದ್ಯಕ್ಕೆ ಬಂದವರು 849 ಜನ. ಎಷ್ಟೋ ಮೆಟ್ಟಿಲು ಕೆಳಗೆ, ಕಂಬೈನ್ಡ್ ಕೌಂಟೀಸ್ ಲೀಗಿನಲ್ಲಿದ್ದ ಹೊಸ ಕ್ಲಬ್ಬಿಗೆ ಸರಾಸರಿ 3,000. ಯಾರ ಬಳಿ ಲೀಗಿನ ಸ್ಥಾನವಿತ್ತು, ಯಾರ ಬಳಿ ಊರಿತ್ತು ಎಂಬುದನ್ನು ಆ ಎರಡು ಸಂಖ್ಯೆಗಳೇ ಹೇಳುತ್ತವೆ.

ಹಳೆಯ ಕ್ಲಬ್ ದಿವಾಳಿ ಅಂಚಿಗೆ ಬಂದು, 2003ರ ಸೆಪ್ಟೆಂಬರ್‌ನಲ್ಲಿ ಮಿಲ್ಟನ್ ಕೀನ್ಸ್‌ಗೆ ಹೋಯಿತು. ಮರುವರ್ಷ ಎಂಕೆ ಡಾನ್ಸ್ ಆಯಿತು. ಡಾನ್ಸ್ ಅನ್ನುವುದು ವಿಂಬಲ್ಡನ್ ತಂಡದ ಹಳೆಯ ಅಡ್ಡಹೆಸರು. ಅಭಿಮಾನಿಗಳ ಕ್ಲಬ್ ಒಂದೊಂದೇ ಮೆಟ್ಟಿಲು ಹತ್ತಿ 2011ರಲ್ಲಿ ಫುಟ್‌ಬಾಲ್ ಲೀಗಿಗೆ ಬಂತು. 2020ರ ನವೆಂಬರ್‌ನಲ್ಲಿ ಪ್ಲೌ ಲೇನ್ ಬೀದಿಯಲ್ಲೇ, ಹಳೆಯ ಮೈದಾನದಿಂದ ಕೂಗಳತೆಯಲ್ಲಿ, ತನ್ನದೇ ಕ್ರೀಡಾಂಗಣ ತೆರೆಯಿತು. ಕ್ಲಬ್ಬಿನ ಒಡೆತನ ಅಭಿಮಾನಿಗಳ ಡಾನ್ಸ್ ಟ್ರಸ್ಟ್ ಕೈಯಲ್ಲಿದೆ.

ದಕ್ಷಿಣ ಕೊರಿಯಾದಲ್ಲೂ ಇದೇ ಕಾಲಕ್ಕೆ ಇಂಥದ್ದೇ ನಡೆಯಿತು. 2004ರಲ್ಲಿ ಆನ್ಯಾಂಗ್‌ನ ತಂಡ ಸೋಲ್‌ಗೆ ಹೋಗಿ ಎಫ್‌ಸಿ ಸೋಲ್ ಆಯಿತು. ಆನ್ಯಾಂಗ್ ಜನ ಬಿಡಲಿಲ್ಲ. 2013ರಲ್ಲಿ ಎಫ್‌ಸಿ ಆನ್ಯಾಂಗ್ ಕಣಕ್ಕಿಳಿಯಿತು, 2025ರಲ್ಲಿ ಮೇಲಿನ ಲೀಗಿಗೇ ಬಂತು. ಆದರೆ ಅಲ್ಲೊಂದು ತೊಡಕಿದೆ. ಆ ತಂಡ ಆನ್ಯಾಂಗ್‌ಗೆ ಬರುವ ಮೊದಲು ಸೋಲ್‌ನಲ್ಲೇ ಇತ್ತು, ನಾವು ಮನೆಗೆ ವಾಪಸಾದೆವು ಎಂಬುದು ಮಾಲೀಕರ ವಾದ. ರ‍್ಯಾಮ್ಸ್‌ನದೂ ಹಾಗೇ: ಹುಟ್ಟಿದ್ದು ಕ್ಲೀವ್‌ಲ್ಯಾಂಡ್‌ನಲ್ಲಿ, 1946ರಲ್ಲಿ ಲಾಸ್ ಏಂಜಲೀಸ್‌ಗೆ, ಆಮೇಲೆ ಸೇಂಟ್ ಲೂಯಿಸ್‌ಗೆ, ಮತ್ತೆ ವಾಪಸ್. ಅದರ ಊರು ಯಾವುದು? ನನ್ನ ಉತ್ತರ: ಯಾವ ಊರಲ್ಲಿ ಏನು ನಡೆಯಿತೋ ಅದು ಆ ಊರಿನದ್ದು. ರ‍್ಯಾಮ್ಸ್ 2000ದ ಜನವರಿಯಲ್ಲಿ ಗೆದ್ದ ಸೂಪರ್ ಬೌಲ್, ಅಂದರೆ ಲೀಗಿನ ಅಂತಿಮ ಪಂದ್ಯ, ಸೇಂಟ್ ಲೂಯಿಸ್‌ನದ್ದೇ, ಅಂದು ಬೀದಿಗಿಳಿದು ಕುಣಿದವರು ಅವರೇ.

ಮಾಲೀಕನಿಗೆ ಹೊರಡಲು ಆಗದಂತೆಯೇ ಕ್ಲಬ್ ಕಟ್ಟುವ ದಾರಿಗಳೂ ಇವೆ. ಜರ್ಮನಿಯಲ್ಲಿ 50+1 ನಿಯಮದ ಪ್ರಕಾರ ಮತಾಧಿಕಾರದ ಬಹುಪಾಲು ಕ್ಲಬ್ ಸದಸ್ಯರ ಕೈಯಲ್ಲಿರಬೇಕು. ಅಮೆರಿಕದಲ್ಲೇ ಗ್ರೀನ್ ಬೇ ಪ್ಯಾಕರ್ಸ್ ಇದೆ. ಸುಮಾರು ಒಂದು ಲಕ್ಷ ಜನಸಂಖ್ಯೆಯ ಊರಲ್ಲಿ ಎನ್‌ಎಫ್‌ಎಲ್ ತಂಡ. ಮಾಲೀಕರು ಲಕ್ಷಾಂತರ ಷೇರುದಾರರು. ಷೇರಿಗೆ ಲಾಭಾಂಶವಿಲ್ಲ, ಲಾಭಕ್ಕೆ ಮಾರುವಂತಿಲ್ಲ. ತಂಡವನ್ನೇ ಮಾರಿದರೂ ಹಣ ಹೋಗುವುದು ದತ್ತಿ ಸಂಸ್ಥೆಗೆ. ಹಾಗಾಗಿ ಯಾರಿಗೂ ಅದನ್ನು ಎಬ್ಬಿಸಿಕೊಂಡು ಹೋಗುವ ಆಸೆಯೇ ಹುಟ್ಟುವುದಿಲ್ಲ. ಬೇರೆ ಯಾವ ತಂಡವೂ ಹೀಗೆ ಇರಕೂಡದು ಎಂದು ಲೀಗಿನ ನಿಯಮವೇ ಇದೆ.

ಈ ಮಾತು ಬಂದಾಗೆಲ್ಲ ಎದುರಾಗುವ ಪ್ರಶ್ನೆ ಒಂದಿದೆ: ಹೊಸ ಊರಿನವರ ತಪ್ಪೇನು? ಇಂಡಿಯಾನಾಪೊಲಿಸ್‌ನಲ್ಲಿ 1984ರ ನಂತರ ಹುಟ್ಟಿದವರಿಗೆ ಕೋಲ್ಟ್ಸ್ ತಮ್ಮ ಊರಿನ ತಂಡವೇ. ಮಿಲ್ಟನ್ ಕೀನ್ಸ್‌ನಲ್ಲಿ ಅಪ್ಪನ ಕೈ ಹಿಡಿದು ಮೊದಲ ಪಂದ್ಯ ನೋಡಿದ ಮಗು ಯಾರಿಂದಲೂ ಏನನ್ನೂ ಕದ್ದಿಲ್ಲ. ಅವರ ಪ್ರೀತಿ ನಕಲಿ ಎಂದು ಹೇಳುವವರ ಜೊತೆ ನಾನಿಲ್ಲ. ಅವರಿಗೂ ತಂಡ ಬೇಕು, ಅದಕ್ಕೆ ಅವರದ್ದೇ ಆದ ಮೊದಲ ದಿನವೂ ಬೇಕು. ರೇವನ್ಸ್ ಅಭಿಮಾನಿಗೆ ಅದಿದೆ. ತನ್ನ ತಂಡ 1996ರಲ್ಲಿ ಶುರುವಾಯಿತು ಎಂದು ತಲೆಯೆತ್ತಿ ಹೇಳಬಲ್ಲ, ಯಾರ ಕಪ್ಪನ್ನೂ ತನ್ನದೆನ್ನಬೇಕಿಲ್ಲ.

ಇಂಗ್ಲೆಂಡ್ 2025ರಲ್ಲಿ ಫುಟ್‌ಬಾಲ್ ಆಡಳಿತಕ್ಕೆ ಕಾನೂನು ಮಾಡಿ ಸ್ವತಂತ್ರ ನಿಯಂತ್ರಕರನ್ನು ತಂದಿದೆ. ಕ್ಲಬ್ ತವರು ಮೈದಾನ ಬಿಡಬೇಕೆಂದರೆ ಇನ್ನು ಅವರ ಒಪ್ಪಿಗೆ ಬೇಕು. ಲಾಂಛನ, ತವರು ಜೆರ್ಸಿಯ ಬಣ್ಣ ಬದಲಿಸುವ ಮುನ್ನ ಅಭಿಮಾನಿಗಳನ್ನು ಕೇಳಬೇಕು. ವಿಂಬಲ್ಡನ್‌ನವರ ಇಪ್ಪತ್ತು ವರ್ಷದ ಹಟ ಇದರ ಹಿಂದಿದೆ ಎಂದೇ ನಾನು ನಂಬುತ್ತೇನೆ. ಆ ಎರಡು ಕ್ಲಬ್‌ಗಳ ನಡುವಿನ ಕಪ್ಪುಗಳ ಜಗಳವೂ ಒಂದು ಹದಕ್ಕೆ ಬಂತು. ಅಭಿಮಾನಿ ಸಂಘಟನೆಗಳ ಜೊತೆ 2006ರಲ್ಲಿ ಆದ ಒಪ್ಪಂದದಂತೆ ಎಂಕೆ ಡಾನ್ಸ್ 2007ರಲ್ಲಿ ವಿಂಬಲ್ಡನ್ ಎಫ್‌ಸಿಯ ಸ್ಮರಣಿಕೆಗಳನ್ನು, 1988ರ ಎಫ್‌ಎ ಕಪ್‌ನ ಪ್ರತಿಕೃತಿಯನ್ನು ವಿಂಬಲ್ಡನ್ ಇರುವ ಮರ್ಟನ್ ಬರೋಗೆ ಒಪ್ಪಿಸಿತು. ತನ್ನ ಚರಿತ್ರೆ 2004ರಿಂದ ಶುರುವಾಗುತ್ತದೆ ಎಂದು ಒಪ್ಪಿಕೊಂಡಿತು. ಜಗಳ ಪೂರ್ತಿ ತೀರಿಲ್ಲ. 2017ರಲ್ಲಿ ತನ್ನ ಮೈದಾನದಲ್ಲಿ ಎರಡೂ ತಂಡ ಎದುರಾದಾಗ ಎಎಫ್‌ಸಿ ವಿಂಬಲ್ಡನ್ ಪಂದ್ಯದ ಪುಸ್ತಿಕೆಯಲ್ಲಿ, ಸ್ಕೋರ್‌ಬೋರ್ಡ್‌ನಲ್ಲಿ ಎದುರಾಳಿಯ ಹೆಸರಿನಿಂದ ಡಾನ್ಸ್ ಎಂಬುದನ್ನು ಬಿಟ್ಟುಬಿಟ್ಟಿತ್ತು. 2007ರಲ್ಲಿ ಕೈಗೊಪ್ಪಿಸಿದ್ದು, ಇನ್ನೂ ಜಗಳದಲ್ಲಿರುವ ಆ ಹೆಸರು, ಇವೆರಡನ್ನೂ 2002ರ ಆಯೋಗ ತನ್ನ ಆದೇಶದಲ್ಲಿ ಒಂದೇ ಪುಟದಲ್ಲಿ ತೀರ್ಮಾನಿಸಬಹುದಿತ್ತು. ಕ್ಲೀವ್‌ಲ್ಯಾಂಡ್‌ನ ಒಪ್ಪಂದಕ್ಕೆ ಆಗ ಆರು ವರ್ಷ ವಯಸ್ಸಾಗಿತ್ತು.